ಐದು ಗೇಟುಗಳ ದಾರಿಯಲ್ಲಿ ಬೆತ್ತದಣ್ಣ

ನಮ್ಮ ದಾರಿಯ ಅಗಲ ಐದು ಅಡಿಗೆ ಎರಡು ಬೆರಳು ಕಡಿಮೆ. ನೂಲು ಹಿಡಿದು ನಾನೇ ಅಳೆದಿದ್ದೇನೆ. ದೊಡ್ಡ ರಸ್ತೆಯಿಂದ ಒಳಗೆ ಬಂದರೆ ಎಡಕ್ಕೆ ಗೋದಾಮಿನ ಉದ್ದನೆಯ ಗೋಡೆ, ಬಲಕ್ಕೆ ಸಾಲಾಗಿ ಐದು ಮನೆ. ಐದನ್ನೂ ಕಟ್ಟಿಸಿದವನು ಒಬ್ಬನೇ. ಹಾಗಾಗಿ ಎಲ್ಲಾ ಒಂದೇ ಥರ: ಮೂರು ಮೆಟ್ಟಿಲು, ಪುಟ್ಟ ಜಗಲಿ, ಒಂದು ಬಾಗಿಲು, ಒಂದು ಕಿಟಕಿ. ಮೊದಲನೆಯದು ಬೇಕರಿಯವನದು, ಎರಡನೆಯದು ನಮ್ಮದು, ಮೂರನೆಯದು ಬೆತ್ತದಣ್ಣನದು, ನಾಲ್ಕನೆಯದು ಸ್ಟೇಷನ್ ಮಾಸ್ತರದು, ಕೊನೆಯದು ನರ್ಸಮ್ಮನದು. ನಾನು ಬರೆಯಲು ಕೂತಿರುವುದು ಮೂರನೆಯ ಮನೆಯವರ ವಿಷಯ.

ಬೆತ್ತದಣ್ಣ ಅಂದರೆ ಕುರ್ಚಿಗೆ ಬೆತ್ತ ಹೆಣೆಯುವವರು. ವಯಸ್ಸಿನಲ್ಲಿ ನನಗಿಂತ ಚಿಕ್ಕವರು, ಆದರೂ ಎಲ್ಲರೂ ಕರೆಯುವ ಹಾಗೆ ನಾನೂ ಅಣ್ಣ ಅಂತಲೇ ಕರೆಯುತ್ತಿದ್ದೆ. ಅವರು ನನ್ನನ್ನು ಅಕ್ಕ ಅನ್ನುತ್ತಿದ್ದರು. ಜಗಲಿಯ ಮೇಲೆ ಒಂದು ಬಕೆಟ್ ನೀರು, ಅದರೊಳಗೆ ನೆನೆಹಾಕಿದ ಬೆತ್ತದ ಸೀಳು, ಪಕ್ಕದಲ್ಲಿ ಮರದ ಬೆಣೆಗಳ ಡಬ್ಬಿ, ಒಂದು ದಬ್ಬಳ; ಅಂಗಿಯ ಜೇಬಿನಲ್ಲಿ ಗಿಡ್ಡ ಹಿಡಿಯ ಒಂದು ಮಡಚುವ ಚಾಕು. ಕುರ್ಚಿ ಬಂತೆಂದರೆ ಮೊದಲು ಹಳೆಯ ಹೆಣಿಗೆಯನ್ನು ಚಾಕುವಿನಿಂದ ಸುತ್ತ ಕೊಯ್ದು ತೆಗೆಯುವುದು. ಆಮೇಲೆ ಚೌಕಟ್ಟಿನ ತೂತುಗಳನ್ನು ದಬ್ಬಳದಿಂದ ಚುಚ್ಚಿ ಬಿಡಿಸುವುದು. ಆಮೇಲೆ ಉದ್ದ, ಅಡ್ಡ, ಮತ್ತೆ ಉದ್ದ, ಮತ್ತೆ ಅಡ್ಡ, ಕೊನೆಗೆ ಎರಡು ಓರೆ. ಒಂದು ಕುರ್ಚಿಗೆ ಎರಡು ದಿನ. ಹೆಂಡತಿ ಹೋಗಿ ಒಂಬತ್ತು ವರ್ಷವಾಗಿತ್ತು. ಒಬ್ಬಳೇ ಮಗಳು, ಬೇರೆ ಊರಿನಲ್ಲಿ ಸಂಸಾರ.

ಅವರಿಗೆ ಕಣ್ಣು ಕಾಣುವುದಿಲ್ಲ ಅನ್ನುವುದು ನನಗೆ ಬಟಾಣಿಯಿಂದ ತಿಳಿಯಿತು. ಒಂದು ಬೆಳಗ್ಗೆ ನಾನು ಮೆಟ್ಟಿಲ ಮೇಲೆ ಮೊರ ಇಟ್ಟುಕೊಂಡು ಸುಮ್ಮನೆ ಕೂತಿದ್ದೆ. ಅವರು ನನ್ನಿಂದ ಮೂರು ಮೊಳದ ದೂರದಲ್ಲಿ ಹಾದು ಹೋದರು, ಮಾತಾಡಿಸಲಿಲ್ಲ. ಏನು ಸಿಟ್ಟೋ ಅಂದುಕೊಂಡು ಒಂದು ಕಾಯಿ ಬಿಡಿಸಿದೆ. ಟಪ್ ಅಂತು. ಅಷ್ಟಕ್ಕೇ ಅವರು ನಿಂತು, "ಏನಕ್ಕಾ, ಬಟಾಣಿನಾ?" ಅಂದರು.

ನಾನು ಎದ್ದು ಹೋಗಿ ಮುಖದ ಮುಂದೆ ಕೈ ಆಡಿಸಿದೆ. ರೆಪ್ಪೆ ಮಿಟುಕಲಿಲ್ಲ.

"ಯಾವಾಗಿನಿಂದ?" ಅಂದೆ.

"ಬೆಳಕು ಕತ್ತಲೆ ಗೊತ್ತಾಗುತ್ತಕ್ಕಾ. ಉಳಿದದ್ದು ಹೋಗಿ ಎರಡು ವರ್ಷ. ಕೆಲಸಕ್ಕೆ ಕಣ್ಣು ಬೇಕಾಗಿಲ್ಲ, ಕೈಗೇ ಎಲ್ಲಾ ಗೊತ್ತು." ಆಮೇಲೆ ದನಿ ತಗ್ಗಿಸಿ ಹೇಳಿದರು, "ಯಾರಿಗೂ ಹೇಳಬೇಡಿ. ಮಗಳಿಗೆ ಕಣ್ಣು ಸ್ವಲ್ಪ ಮಂಜು ಅಂತ ಮಾತ್ರ ಹೇಳಿದೀನಿ. ದಾರಿ ತಪ್ಪಿದೆ ಅಂತ ಒಂದೇ ಒಂದು ಸುದ್ದಿ ಬಂದರೂ ಸಾಕು, ಮಾರನೇ ದಿನ ಬಂದು ಕರಕೊಂಡು ಹೋಗ್ತೀನಿ ಅಂದಿದಾಳೆ. ಅವಳದು ನಾಲ್ಕನೇ ಮಹಡಿ. ಬೆತ್ತ ನೆನೆಹಾಕೋಕೆ ಜಾಗ ಇಲ್ಲ, ಕುರ್ಚಿ ತರೋರಿಲ್ಲ. ಸೋಫಾದ ಮೇಲೆ ಕೂತ್ಕೊಂಡು ನಾನು ಏನು ಮಾಡಲಿ, ಹೇಳಿ?"

ಹೇಳುವುದಿಲ್ಲ ಅಂತ ಮಾತು ಕೊಟ್ಟೆ, ಉಳಿಸಿಕೊಂಡೆ. ಆದರೆ ಅವರು ರಸ್ತೆಗೆ ಹೋಗಿ ಮನೆಗೆ ಬರುವುದು ಹೇಗೆ ಎಂದು ನಾನು ಕೇಳಲಿಲ್ಲ. ಕೇಳಬೇಕಿತ್ತು.

ಆಗ ನಮ್ಮ ಐದು ಮನೆಗೂ ಐದು ಥರದ ಬೇಲಿ. ಬೇಕರಿಯವನದು ಹಿಟ್ಟಿನ ಪೆಟ್ಟಿಗೆ ಒಡೆದು ಹೊಡೆದ ಹಲಗೆ, ಅಲ್ಲಲ್ಲಿ ಮೊಳೆ ತಲೆ ಎತ್ತಿತ್ತು. ನಮ್ಮದು ಕಬ್ಬಿಣದ ಪೈಪು. ನಮ್ಮ ಯಜಮಾನರು ನಲ್ಲಿ ಕೆಲಸದವರು. ಬದುಕಿದ್ದಾಗ ಉಳಿಕೆ ಪೈಪುಗಳನ್ನು ತಂದು ಮೂರು ಸಾಲು ಜೋಡಿಸಿದ್ದರು. ಬೆತ್ತದಣ್ಣನದು ಗಾರೆ ಕಾಣದ ಇಟ್ಟಿಗೆಯ ಮೋಟು ಗೋಡೆ, ಮುಟ್ಟಿದರೆ ಕಿರುಚುವ ಗೇಟು. ಮಾಸ್ತರದು ನೆಟ್ಟಗೆ ನಿಂತ ಸಲಾಕೆ. ನರ್ಸಮ್ಮನದು ಜಾಲರಿ ತಂತಿ, ಅದಕ್ಕೊಂದು ಹೊರಗೆ ತೆರೆಯುವ ಗೇಟು.

ಜಗಳ ಹುಟ್ಟಿದ್ದು ಆ ಹೊರಗೆ ತೆರೆಯುವ ಗೇಟಿನಿಂದ. ನರ್ಸಮ್ಮ ಆಸ್ಪತ್ರೆಗೆ ಹೊತ್ತಾಯಿತೆಂದು ಸ್ಕೂಟರ್ ಹೊರಡಿಸುವ ಆತುರದಲ್ಲಿ ಗೇಟು ತಳ್ಳಿದಳು. ಅದು ಹೋಗಿ ಮಾಸ್ತರ ಮೊಣಕಾಲಿಗೆ ಬಡಿಯಿತು.

"ಇದು ದಾರಿಯೋ ನಿಮ್ಮ ಅಂಗಳವೋ?" ಎಂದು ಮಾಸ್ತರು ಕಾಲು ಹಿಡಿದುಕೊಂಡೇ ಕೂಗಿದರು.

"ಗೇಟಿನ ಹಿಂದೆ ಬಂದು ಯಾಕೆ ನಿಲ್ಲಬೇಕಿತ್ತು? ನಿಮ್ಮನ್ನ ಕೇಳಿ ಗೇಟು ತೆಗೀಲಾ?"

"ನಲವತ್ತು ಗೇಟುಗಳಿದ್ದ ದಾರಿಯಲ್ಲಿ ರೈಲು ಓಡಿಸಿದವನು ನಾನು. ಒಂದೇ ಒಂದು ಗೇಟು ಯಾರಿಗೂ ತಾಗಲಿಲ್ಲ."

"ಅಲ್ಲಿ ನೀವು ಹಸಿರು ಬಾವುಟ ತೋರಿಸ್ತಿದ್ರಿ. ಇಲ್ಲೂ ಒಂದು ಹಿಡ್ಕೊಂಡು ನಿಂತ್ಕೊಳ್ಳಿ" ಅಂದಳು ನರ್ಸಮ್ಮ, ಸ್ಕೂಟರ್ ಹತ್ತಿ ಹೊರಟೇ ಹೋದಳು.

ಅಲ್ಲಿಂದ ಶುರುವಾಯಿತು. ನರ್ಸಮ್ಮನ ಗೇಟು ಹೊರಗೆ ಬರುತ್ತದೆ ಅಂದರೆ, ಬೇಕರಿಯವನ ಹಲಗೆಯ ಮೊಳೆ ಸೀರೆ ಹರಿಯುತ್ತದೆ ಅಂತ ಅವಳು. ನನ್ನನ್ನು ಅಜ್ಜಿ ಅನ್ನುವ ಬೇಕರಿಯವನು, ಅಜ್ಜಿಯ ಪೈಪಿನ ತುಕ್ಕು ಉದುರಿ ನನ್ನ ಬ್ರೆಡ್ಡಿನ ತಟ್ಟೆಗೆ ಬೀಳುತ್ತದೆ ಅಂದ. ಬೇಲಿ ಎತ್ತರವಿರಲಿ, ಬಟ್ಟೆ ಒಣಹಾಕಿದರೆ ಕಾಣಬಾರದು ಅಂತ ಒಬ್ಬರು. ತಗ್ಗಾಗಿರಲಿ, ಯಾರು ಬಂದರು ಯಾರು ಹೋದರು ಕಾಣಬೇಕು ಅಂತ ಇನ್ನೊಬ್ಬರು. ಮೂರು ವಾರ ಯಾರ ಮುಖ ಯಾರೂ ನೋಡಲಿಲ್ಲ. ಕೊನೆಗೆ ಮಾಸ್ತರು ಎಲ್ಲರನ್ನೂ ನಮ್ಮ ಜಗಲಿಗೆ ಕರೆದರು. ನಮ್ಮದು ಯಾವ ಪಕ್ಷಕ್ಕೂ ಸೇರದ ಮನೆ ಅಂತೆ.

ಮಾಸ್ತರು ಗೆರೆ ಎಳೆದ ಕಾಗದ ತಂದಿದ್ದರು. ಐದು ಮನೆಗೂ ಒಂದೇ ಬೇಲಿ. ಮೂರೂವರೆ ಅಡಿ ಎತ್ತರದ ಕಬ್ಬಿಣದ ಗ್ರಿಲ್ಲು, ಒಂದೇ ಬಣ್ಣ, ಗೇಟು ಎಲ್ಲರದೂ ಒಳಗೆ ತೆರೆಯಬೇಕು, ಚಿಲಕ ಎಲ್ಲರದೂ ಒಂದೇ ಕಡೆ, ಒಂದೇ ಎತ್ತರ. "ಆಗ ಯಾರೂ ಯಾರಿಗೂ ಬೆರಳು ತೋರಿಸೋ ಹಾಗಿಲ್ಲ" ಅಂದರು. ನ್ಯಾಯವಾದ ಮಾತೇ. ಬೇಕರಿಯವನು ಒಪ್ಪಿದ. ನರ್ಸಮ್ಮ ಮೂಗು ಮುರಿದು ಒಪ್ಪಿದಳು. ಪೈಪು ತೆಗೆಯಲು ನನಗೆ ಮನಸ್ಸಿರಲಿಲ್ಲ, ಆದರೆ ತುಕ್ಕು ಹಿಡಿದಿದ್ದು ಸುಳ್ಳಲ್ಲ, ನಾನೂ ಕೈ ಎತ್ತಿದೆ.

ಬೆತ್ತದಣ್ಣ ಕಂಬಕ್ಕೆ ಒರಗಿ ಕೂತಿದ್ದರು. "ನನ್ನದೊಂದು ಹಾಗೇ ಇರಲಿ ಮಾಸ್ತರೇ" ಅಂದರು.

"ಯಾಕೆ?"

"ಇಟ್ಟಿಗೆ ಗಟ್ಟಿಯಾಗಿದೆ."

"ಗೇಟು?"

"ಕಿರುಚುತ್ತೆ, ನಿಜ. ಅದೇ ನನಗೆ ಗಂಟೆ ಇದ್ದ ಹಾಗೆ."

ಎಲ್ಲರೂ ನಕ್ಕರು. ಬೇಕರಿಯವನು, "ಬೆತ್ತದಣ್ಣಾ, ನಿಮ್ಮ ಗೇಟು ಬೆಳಗ್ಗೆ ಕಿರುಚಿದರೆ ನನ್ನ ಹಿಟ್ಟು ಉಬ್ಬೋದು ನಿಂತುಹೋಗುತ್ತೆ" ಅಂದ. ಅವರೂ ನಕ್ಕರು. ಒಬ್ಬರಿಗೆ ಬಿಟ್ಟರೆ ಎಲ್ಲರಿಗೂ ಬಿಡಬೇಕಾಗುತ್ತದೆ ಅಂದರು ಮಾಸ್ತರು. ಬೆತ್ತದಣ್ಣ ಇನ್ನೊಂದು ಮಾತು ಆಡಲಿಲ್ಲ. ಕಾರಣ ಹೇಳಿದರೆ ಗುಟ್ಟು ಹೊರಗೆ ಬೀಳುತ್ತದೆ. ಕಣ್ಣಿನ ವಿಷಯ ಗೊತ್ತಿದ್ದ ನನಗೂ ಆಗ ಬೇಲಿಯ ವಿಷಯ ಹೊಳೆಯಲಿಲ್ಲ.

ಹೊಳೆದದ್ದು ಗ್ರಿಲ್ಲು ನಿಂತ ಮಾರನೇ ದಿನ. ಅವರು ರಸ್ತೆಯಿಂದ ಬರುತ್ತಿದ್ದರು. ಬಲಗೈ ಗ್ರಿಲ್ಲಿನ ಮೇಲೆ ಸರಿಯುತ್ತಾ, ನಿಲ್ಲುತ್ತಾ, ಮತ್ತೆ ಸರಿಯುತ್ತಾ ಬಂತು. ಮೊದಲೆಲ್ಲಾ ಒರಟು ಹಲಗೆ ಮುಗಿದು ತಣ್ಣನೆಯ ಪೈಪು ಸಿಕ್ಕಿತು, ಪೈಪು ಮುಗಿದು ಇಟ್ಟಿಗೆ ಸಿಕ್ಕಿತು ಅಂದರೆ ಮನೆ ಬಂತು. ಈಗ ಈ ತುದಿಯಿಂದ ಆ ತುದಿಯವರೆಗೆ ಕೈಗೆ ಒಂದೇ ಕಬ್ಬಿಣ.

"ಮಾಸ್ತರಿಗೆ ಹೇಳಿಬಿಡೋಣ" ಅಂದೆ.

"ಬೇಡಕ್ಕಾ. ಚಿಲಕ ಎಣಿಸ್ತೀನಿ. ಮೂರನೇ ಚಿಲಕ ನನ್ನದು. ಅಷ್ಟೇ ತಾನೇ."

ಎರಡು ತಿಂಗಳು ಹಾಗೇ ನಡೆಯಿತು. ಒಂದು ದಿನವೂ ತಪ್ಪಲಿಲ್ಲ.

ತಪ್ಪಿದ ದಿನ ಮಂಗಳವಾರ, ಮಧ್ಯಾಹ್ನ ಎರಡೂವರೆ ಆಗಿತ್ತು. ಬೇಕರಿಯವನಿಗೆ ಒಂದು ಕೆಟ್ಟ ಅಭ್ಯಾಸ. ಸೈಕಲ್ ಒಳಗೆ ತಂದವನು ಗೇಟು ಹಾಕುವುದಿಲ್ಲ. ಅವತ್ತು ಅವನ ಗೇಟು ಒಳಗೆ ಪೂರಾ ತೆರೆದು ಗೋಡೆಗೆ ಒರಗಿತ್ತು. ಬೆತ್ತದಣ್ಣನ ಎಡ ಹೆಗಲ ಮೇಲೆ ಹೊಸ ಬೆತ್ತದ ಹೊರೆ. ಅದನ್ನು ಎಡಗೈಯಲ್ಲಿ ಹಿಡಿದುಕೊಂಡು ಬಲಗೈ ಬೆರಳ ತುದಿಯಿಂದ ಗ್ರಿಲ್ಲು ಸವರುತ್ತಾ ಬಂದರು. ತೆರೆದ ಗೇಟಿನಲ್ಲಿ ಚಿಲಕ ಸಿಗಲಿಲ್ಲ. ಹೊರೆ ಸರಿಮಾಡುವಾಗ ಕೈ ಬಿಟ್ಟುಹೋಯಿತೇನೋ ಅಂದುಕೊಂಡರು. ನಮ್ಮ ಚಿಲಕ ಸಿಕ್ಕಿದಾಗ ಒಂದು ಅಂದರು. ತಮ್ಮದಕ್ಕೆ ಎರಡು. ಮಾಸ್ತರದಕ್ಕೆ ಮೂರು. ಹೆಜ್ಜೆ ಎಣಿಸಬಹುದಿತ್ತಲ್ಲ ಅಂತ ಆಮೇಲೆ ಕೇಳಿದೆ. ಹೊರೆ ಹೊತ್ತ ದಿನ ಹೆಜ್ಜೆ ಗಿಡ್ಡವಾಗುತ್ತದೆ, ಲೆಕ್ಕಕ್ಕೆ ಬರುವುದಿಲ್ಲ ಅಂದರು.

ಅದೇ ಚಿಲಕ, ಅದೇ ಮೂರು ಮೆಟ್ಟಿಲು, ಅದೇ ಜಗಲಿ. ಹೊರೆ ಇಳಿಸಿ ಕೂತರು. ಕೈ ಚಾಚಿದರೆ ಒಂದು ಬೆತ್ತದ ಕುರ್ಚಿ. ಬೆಳಗ್ಗೆಯೇ ಅಂಗಡಿಯವರು ಮೂರು ಕುರ್ಚಿ ತಂದಿಟ್ಟು ಹೋಗಿದ್ದರು, ಅದರಲ್ಲೊಂದು ಅಂದುಕೊಂಡರು. ಚಾಕು ಯಾವಾಗಲೂ ಅಂಗಿಯ ಜೇಬಿನಲ್ಲೇ ಇರುತ್ತದೆ. ತೆಗೆದು ಅಂಚಿನ ಒಳಗಡೆ ಊರಿ ಕೊಯ್ಯಲು ಶುರು ಮಾಡಿದರು. ಎಲ್ಲೂ ಜೋಲು ಬಿದ್ದಿಲ್ಲ, ಎಲ್ಲೂ ಎಳೆ ಕಿತ್ತಿಲ್ಲ, ಇಷ್ಟು ಚೆನ್ನಾಗಿರೋದನ್ನ ಯಾಕೆ ಬಿಚ್ಚಿಸ್ತಾರೆ, ದುಡ್ಡಿದ್ದವರ ಹುಚ್ಚು ಅಂದುಕೊಳ್ಳುತ್ತಲೇ ಎರಡು ಬದಿ ಕೊಯ್ದರು. ಮೂರನೆಯ ಬದಿಗೆ ತಿರುಗಿದಾಗ ಮೂಲೆಯ ಗಂಟು ಬೆರಳಿಗೆ ಸಿಕ್ಕಿತು. ಆ ಥರ ಎರಡು ಸುತ್ತು ಹಾಕಿ ಒಳಗೆ ಮಡಚುವ ಗಂಟು ಹಾಕುವವರು ಅವರೊಬ್ಬರೇ. ತಾವೇ ಹೆಣೆದ ಕುರ್ಚಿ. ಎರಡು ವರ್ಷದ ಹಿಂದೆ, ಮಾಸ್ತರಿಗೆ, ಅವರ ತಾಯಿಯ ಕಾಲದ ಕುರ್ಚಿ.

ತಾವು ಎಲ್ಲಿ ಕೂತಿದ್ದೇವೆ ಅನ್ನುವುದು ಅವರಿಗೆ ಆಗಲೇ ತಿಳಿಯಿತು. ಚಾಕು ಮಡಚುವಷ್ಟರಲ್ಲಿ ಒಳಗೆ ಮಲಗಿದ್ದ ಮಾಸ್ತರು ಬನಿಯನ್ನಿನಲ್ಲೇ ಹೊರಗೆ ಬಂದರು.

"ಏನ್ರೀ ಇದು! ನನ್ನ ಕುರ್ಚಿ!"

ಆ ಕೂಗಿಗೆ ನಾನು ಒಲೆ ಆರಿಸಿ ಓಡಿದೆ. ನಾನು ಹೋಗುವಾಗ ಬೆತ್ತದಣ್ಣ ನಿಂತುಕೊಂಡು ಹೇಳುತ್ತಿದ್ದರು, "ಸ್ವಲ್ಪ ಸಡಿಲ ಆಗಿತ್ತು ಮಾಸ್ತರೇ. ಹೊಸ ಬೆತ್ತ ಬಂದಿತ್ತು. ನೀವು ಮಲಗಿದ್ರಲ್ಲಾ, ಸುಮ್ಮನೆ ಯಾಕೆ ಎಬ್ಬಿಸೋದು ಅಂತ..."

"ಸಡಿಲ? ನಿನ್ನೆ ಸಂಜೆ ಇದರ ಮೇಲೆ ಕೂತು ಪೇಪರ್ ಓದಿದೀನಿ! ನೋಡ್ರಿ ಇಲ್ಲಿ, ಎಲ್ಲಿ ಸಡಿಲ ತೋರಿಸಿ!" ಮಾಸ್ತರು ಕುರ್ಚಿ ಎತ್ತಿ ಅವರ ಎಡಕ್ಕೆ ಹಿಡಿದರು. ಬೆತ್ತದಣ್ಣ ತಲೆ ಆಡಿಸುತ್ತಾ ಬಲಕ್ಕೆ ಕೈ ಚಾಚಿದರು. ಕೈ ಬರಿಯ ಗಾಳಿಯಲ್ಲಿ ನಿಂತಿತು.

ಮಾಸ್ತರು ಕುರ್ಚಿಯನ್ನು ನಿಧಾನವಾಗಿ ಕೆಳಗಿಟ್ಟರು. ರೈಲ್ವೆಯಲ್ಲಿ ಮೂವತ್ತಮೂರು ವರ್ಷ ಬಾವುಟ, ದೀಪ ಅಂತಲೇ ಬದುಕಿದವರು. ಕಣ್ಣಿನ ಪರೀಕ್ಷೆಯಲ್ಲಿ ಫೇಲಾದವರನ್ನು ಕಂಡಿದ್ದವರು. ಅವರಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

"ಪೂರಾ ಹೋಗಿದೆಯಾ?" ಅಂದರು, ದನಿ ಇಳಿದಿತ್ತು.

ಬೆತ್ತದಣ್ಣ ಹೂಂ ಅಂದರು.

ಮಾಸ್ತರು ನನ್ನ ಕಡೆ ತಿರುಗಿದರು. "ನಿಮಗೆ ಗೊತ್ತಿತ್ತು."

"ಮಾತು ಕೊಟ್ಟಿದ್ದೆ" ಅಂದೆ. ಮಾಸ್ತರು ಒಳಗೆ ಹೋಗಿ ಅಂಗಿ ಹಾಕಿಕೊಂಡು ಬಂದು ಗೇಟಿನ ಹತ್ತಿರ ನಿಂತರು. ಚಿಲಕ ತೆಗೆದರು, ಹಾಕಿದರು, ತೆಗೆದರು.

ಗುಟ್ಟು ಅಷ್ಟಕ್ಕೇ ನಿಲ್ಲಲಿಲ್ಲ. ಸಂಜೆ ಕೆಲಸ ಮುಗಿಸಿ ಬಂದ ನರ್ಸಮ್ಮ ವಿಷಯ ತಿಳಿದು ಬೆತ್ತದಣ್ಣನ ಮಗಳಿಗೆ ಫೋನು ಮಾಡಿದಳು. ಯಾಕೆ ಮಾಡಿದೆ ಅಂತ ಕೇಳಿದ್ದಕ್ಕೆ, "ನಾಳೆ ಬಾವಿಗೆ ಬಿದ್ದರೆ, ಬಸ್ಸಿಗೆ ಸಿಕ್ಕರೆ ಆ ಹುಡುಗಿ ನನ್ನನ್ನೇ ಕೇಳ್ತಾಳೆ, ಪಕ್ಕದಲ್ಲಿ ನರ್ಸು ಇದ್ಳಲ್ಲಾ ಅಂತ" ಅಂದಳು. ಅವಳನ್ನು ತಪ್ಪು ಅನ್ನಲು ನನಗೆ ಬಾಯಿ ಬರಲಿಲ್ಲ. ಮಗಳು ಭಾನುವಾರ ಬರುತ್ತೇನೆ, ಅಪ್ಪನ ಬಟ್ಟೆ ಕಟ್ಟಿಡಿ ಅಂದಳಂತೆ.

ಅದೇ ರಾತ್ರಿ ಊಟಕ್ಕೆ ಮುಂಚೆ ಮತ್ತೆ ನಮ್ಮ ಜಗಲಿಯಲ್ಲಿ ಎಲ್ಲರೂ ಸೇರಿದರು. ಬೇಕರಿಯವನಿಗೆ ಇನ್ನೂ ನಂಬಿಕೆ ಬಂದಿರಲಿಲ್ಲ.

"ಹಾಗಾದ್ರೆ ಬೆತ್ತದಣ್ಣಾ, ಮೊನ್ನೆ ನನ್ನ ಹೊಸ ಅಂಗಿ ಚೆನ್ನಾಗಿದೆ ಅಂದ್ರಲ್ಲಾ?"

"ಗಂಜಿ ಹಾಕಿದ ಸದ್ದು ಬರ್ತಿತ್ತಪ್ಪಾ. ಹೊಸದೇ ಇರಬೇಕು ಅಂತ ಹೇಳಿದೆ."

"ಬಣ್ಣ ಒಪ್ಪುತ್ತೆ ಅಂದ್ರಿ!"

"ನಿನಗೆ ಯಾವ ಬಣ್ಣ ಹಾಕಿದರೂ ಅಷ್ಟೇ ಅಂತ ನನಗೆ ಕಣ್ಣಿದ್ದಾಗಲೇ ಗೊತ್ತಿತ್ತು."

ನಗು ಬಂತು, ನಿಂತಿತು. ಮಾಸ್ತರು ಇವರ ಗೇಟಿಗೊಂದು ಗುರುತು ಮಾಡಬೇಕು ಅಂದರು. ಹಳದಿ ಬಣ್ಣ ಬಳಿಯೋಣ ಅಂತ ಬೇಕರಿಯವನು ಅಂದ, ಎಲ್ಲರೂ ಅವನ ಮುಖ ನೋಡಿದ ಮೇಲೆ ತಲೆ ಕೆರೆದುಕೊಂಡ. ನರ್ಸಮ್ಮ ಗಂಟೆ ಕಟ್ಟೋಣ ಅಂದಳು. ಗಾಳಿಗೂ ಗಂಟೆ ಹೊಡೆಯುತ್ತದೆ ಅಂತ ಮಾಸ್ತರು. ಪುನಃ ದನಿ ಏರಿತು.

ಬೆತ್ತದಣ್ಣ ಆಗ ಬಾಯಿ ಬಿಟ್ಟರು. "ನನ್ನ ಒಂದು ಗೇಟಿಗೆ ಗುರುತು ಮಾಡಿದರೆ ಸಾಲದು. ದಾರೀಲಿ ಎಲ್ಲಿ ನಿಂತರೂ ಎಲ್ಲಿದೀನಿ ಅಂತ ತಿಳೀಬೇಕು. ಮೊದಲು ನಿಮ್ಮ ನಿಮ್ಮ ಬೇಲಿಯೇ ಹೇಳ್ತಿತ್ತು. ಗ್ರಿಲ್ಲು ಇರಲಿ, ನಾನು ಬೇಡ ಅನ್ನಲ್ಲ. ಗೇಟಿನ ಮೇಲಿನ ಪಟ್ಟಿಯಲ್ಲಿ ಒಂದೊಂದು ಮೊಳ ನನಗೆ ಕೊಡಿ. ಬೆತ್ತ ಸುತ್ತಿಕೊಡ್ತೀನಿ. ಐದಕ್ಕೂ ಬೇರೆ ಬೇರೆ ಹೆಣಿಗೆ."

"ಒಂದೇ ಮೊಳ? ಎಲ್ಲರದೂ ಒಂದೇ ಅಳತೆ?" ಅಂದರು ಮಾಸ್ತರು.

"ಒಂದೇ ಅಳತೆ."

"ಹಾಗಾದ್ರೆ ಆಗಬಹುದು" ಅಂದರು ಮಾಸ್ತರು.

ಬುಧವಾರದಿಂದ ಶನಿವಾರದವರೆಗೆ ಅವರು ದಾರಿಯಲ್ಲೇ ಕೂತಿದ್ದರು. ಬಕೆಟ್ಟನ್ನು ಗೇಟಿನಿಂದ ಗೇಟಿಗೆ ಹೊತ್ತವರು ಮಾಸ್ತರು. ನೆನೆದ ಬೆತ್ತವನ್ನು ಬಿಗಿಯಾಗಿ ಸುತ್ತಿದರೆ ಒಣಗಿದಾಗ ಇನ್ನೂ ಬಿಗಿಯಾಗುತ್ತದೆ, ಚಾಕು ಹಾಕದೆ ಬಿಚ್ಚುವುದಿಲ್ಲ. ಬೇಕರಿಯವನ ಗೇಟಿಗೆ ನುಣ್ಣನೆಯ ಸುತ್ತು. ನಮ್ಮದಕ್ಕೆ ಮೂರು ಕಡೆ ಬೆರಳಗಲ ಕಬ್ಬಿಣ ಬಿಟ್ಟು ಸುತ್ತಿದರು. "ನಿಮ್ಮ ಪೈಪು ಮೂರು ಸಾಲು ಇತ್ತಲ್ಲಕ್ಕಾ" ಅಂದರು. ತಮ್ಮದಕ್ಕೆ ಜಡೆ. ಮಾಸ್ತರದಕ್ಕೆ ಒಂದರ ಮೇಲೊಂದು ಓರೆ, ಥೇಟ್ ಕುರ್ಚಿಯ ಹಾಗೆ. ನರ್ಸಮ್ಮನದಕ್ಕೆ ಐದು ಗಂಟು.

"ಅವರಿಗೆಲ್ಲಾ ಜಡೆ, ಓರೆ. ನನಗೆ ಮಾತ್ರ ಗಂಟಾ?" ಅಂದಳು ನರ್ಸಮ್ಮ.

"ಫೋನು ಮಾಡಿದ್ದಕ್ಕೆ" ಅಂದ ಬೇಕರಿಯವನು. ಅವಳು ಎರಡು ದಿನ ಅವನ ಹತ್ತಿರ ಬ್ರೆಡ್ಡು ತೆಗೆದುಕೊಳ್ಳಲಿಲ್ಲ.

ಮಾಸ್ತರ ಕುರ್ಚಿಯನ್ನು ರಾತ್ರಿ ಹೊತ್ತು ಹೆಣೆದು ಶುಕ್ರವಾರ ಮುಗಿಸಿದರು. ಅದೇ ಎರಡು ಸುತ್ತಿನ ಗಂಟು.

ಭಾನುವಾರ ಹತ್ತು ಗಂಟೆಗೆ ಮಗಳು ಬಂದಳು. ಕೈಯಲ್ಲಿ ದೊಡ್ಡ ಚೀಲ, ಮಡಚಿದ್ದು, ಖಾಲಿ. ಅಪ್ಪನ ಎದುರು ನಿಂತು, "ಎಷ್ಟು ದಿನದಿಂದ ಸುಳ್ಳು ಹೇಳ್ತಿದೀಯಪ್ಪಾ?" ಅಂದಳು. ಅತ್ತು ಬಂದವಳ ಕಣ್ಣು. ಗೇಟಿನ ಹೆಣಿಗೆಯ ವಿಷಯವನ್ನು ಮಾಸ್ತರು ಹೇಳಿದರು. ಅವಳು ತಾನೇ ಐದನ್ನೂ ಮುಟ್ಟಿ ನೋಡಿ ಬಂದಳು.

"ಸರಿ" ಅಂದಳು. "ರಸ್ತೆಗೆ ಹೋಗು. ಅಲ್ಲಿಂದ ಒಬ್ಬನೇ ಬಾ. ಯಾರೂ ಮಾತಾಡಬಾರದು. ಒಂದು ಸಲ ತಪ್ಪಿದರೂ ನನ್ನ ಜೊತೆ ಬರಬೇಕು."

"ಬರ್ತೀನಿ" ಅಂದರು ಅವರು, ಅಷ್ಟೇ.

ಅವರು ರಸ್ತೆಯ ತುದಿಗೆ ಹೋಗಿ ತಿರುಗಿದರು. ನಾವೆಲ್ಲಾ ಗೋದಾಮಿನ ಗೋಡೆಗೆ ಬೆನ್ನು ಕೊಟ್ಟು ನಿಂತೆವು. ಆಗ ನಾನು ನೋಡಿದೆ, ಬೇಕರಿಯವನ ಗೇಟು ಪೂರಾ ತೆರೆದಿತ್ತು. ಮಾಸ್ತರೂ ನೋಡಿದರು. ಬೇಕರಿಯವನ ತೋಳನ್ನು ಹಿಡಿದುಕೊಂಡರು, ಅವನು ಓಡಿಹೋಗಿ ಮುಚ್ಚದ ಹಾಗೆ. ಅದು ಸಿಟ್ಟಿಗೋ ನ್ಯಾಯಕ್ಕೋ ನನಗೆ ಇವತ್ತಿಗೂ ಗೊತ್ತಿಲ್ಲ.

ಬೆತ್ತದಣ್ಣನ ಕೈ ಗ್ರಿಲ್ಲು ಸವರುತ್ತಾ ಬಂತು. ತೆರೆದ ಜಾಗದಲ್ಲಿ ಗಾಳಿಗೆ ಬಿತ್ತು. ನಿಂತರು. ಮಗಳು ಚೀಲವನ್ನು ಎದೆಗೆ ಒತ್ತಿಕೊಂಡಳು. ಅವರು ಒಂದು ಹೆಜ್ಜೆ ಮುಂದೆ ಇಟ್ಟರು, ಮತ್ತೆ ಗ್ರಿಲ್ಲು ಸಿಕ್ಕಿತು. ಮುಂದಿನ ಗೇಟಿನ ಪಟ್ಟಿಯ ಮೇಲೆ ಬೆರಳು ಊರಿದರು. ಬೆತ್ತ, ಕಬ್ಬಿಣ, ಬೆತ್ತ, ಕಬ್ಬಿಣ, ಬೆತ್ತ, ಕಬ್ಬಿಣ, ಬೆತ್ತ.

"ಇದು ಅಕ್ಕನ ಮನೆ" ಅಂದರು ಗಟ್ಟಿಯಾಗಿ. "ಬೇಕರಿಯವನೇ, ಇವತ್ತೂ ಗೇಟು ಹಾಕಿಲ್ವಲ್ಲೋ!"

ಆಮೇಲೆ ನೇರ ಜಡೆಯ ಹತ್ತಿರ ಹೋಗಿ ಚಿಲಕ ತೆಗೆದು, ಮೂರು ಮೆಟ್ಟಿಲು ಹತ್ತಿ, ತಮ್ಮ ಬಕೆಟ್ಟಿನ ಪಕ್ಕ ಕೂತರು. ಎಣಿಸಿರಲಿಲ್ಲ. ಎಣಿಸುವ ಕೆಲಸವೇ ಇರಲಿಲ್ಲ.

ಮಗಳು ಮಧ್ಯಾಹ್ನ ಅಲ್ಲೇ ಊಟ ಮಾಡಿದಳು. ದೊಡ್ಡ ರಸ್ತೆ ದಾಟುವುದಿದ್ದರೆ ಯಾರನ್ನಾದರೂ ಜೊತೆಗೆ ಕರೆಯಬೇಕು ಅಂತ ಅಪ್ಪನಿಂದ ಮಾತು ತೆಗೆದುಕೊಂಡಳು. ಪ್ರತಿ ಭಾನುವಾರ ಫೋನು ಮಾಡಿ ಇದ್ದದ್ದು ಇದ್ದ ಹಾಗೆ ಹೇಳಬೇಕು ಅಂತ ನನ್ನಿಂದಲೂ. ಬಿಸಿಲಿಗೂ ಮಳೆಗೂ ಆ ಬೆತ್ತ ಒಂದು ವರ್ಷಕ್ಕಿಂತ ಹೆಚ್ಚು ತಾಳುವುದಿಲ್ಲ. ಅದನ್ನೂ ಅವರೇ ಹೇಳಿದರು, ವರ್ಷ ವರ್ಷ ಹೊಸದಾಗಿ ಸುತ್ತುತ್ತೇನೆ ಅಂತ. ಹಾಗೇ ಏಳು ಸಲ ಸುತ್ತಿದರು.

ಸಂಜೆ ನಾಲ್ಕಕ್ಕೆ ಅವಳು ಹೊರಟಳು. ಚೀಲ ಬಂದ ಹಾಗೇ ಮಡಚಿತ್ತು, ಖಾಲಿ. ನಾನು ಮೆಟ್ಟಿಲ ಮೇಲೆ ಕೂತು ನೋಡುತ್ತಿದ್ದೆ. ರಸ್ತೆ ಸೇರುವ ಮುಂಚೆ ನಿಂತಳು, ಎರಡು ಹೆಜ್ಜೆ ಹಿಂದೆ ಬಂದು, ಬೇಕರಿಯವನ ಗೇಟು ಎಳೆದು ಚಿಲಕ ಹಾಕಿ ಹೋದಳು.